ಸವೆಯಬಾರದ ಕಾರ್ಡು

ಸಂತೆಬಾಚಹಳ್ಳಿಗೆ ಅದೇ ಕಂಪ್ಯೂಟರ್ ರಿಪೇರಿಗೆ ಹೋಗಿದ್ದು ಅದು ಮೂರನೇ ಸಲ. ಅಲ್ಲಿನ ಹಾಲಿನ ಡೈರಿ ಸೆಕ್ರೆಟರಿಗೆ ಕಾರ್ ರೇಸ್ ಗೇಮಿನ ಹುಚ್ಚು. ಆಡಿದಾಗೆಲ್ಲ ಹಳೇ ಪ್ರೊಸೆಸರ್ ಕಾದು ಕೆಂಡ, ಚಿತ್ರ ಬಿಡಿಸಬೇಕಾದ ಹೊಸ ಗ್ರಾಫಿಕ್ಸ್ ಕಾರ್ಡು ಮಾತ್ರ ತಣ್ಣಗೆ. ನೋಡಿದರೆ ಗೇಮಿನ ಚಿತ್ರದ ಸೆಟ್ಟಿಂಗ್ಸೆಲ್ಲ ಮತ್ತೆ ಲೋ!

"ಹೋದ ಸಲ ಹೈ ಮಾಡಿಟ್ಟಿದ್ದೆನಲ್ಲ, ಯಾರ್ರೀ ಇಳಿಸಿದ್ದು?"

"ನಾನೇ ಸಾ. ಹೊಸಾ ಕಾರ್ಡು, ಸವೆದೋದ್ರೆ?"

ನನ್ನ ಪಿತ್ತ ನೆತ್ತಿಗೇರಿತು. "ಚಿತ್ರ ಹಗುರ ಮಾಡಿದಷ್ಟೂ ಕಾರ್ಡು ಬೇಗ ಕೆಲಸ ಮುಗಿಸಿ, ಮುಂದಿನ ಚಿತ್ರದ ಲೆಕ್ಕ ಕೊಡು ಅಂತ ಪ್ರೊಸೆಸರ್ ಜೀವ ತಿನ್ನುತ್ತೆ ಕಣ್ರೀ! ದುಡಿಯೋಕೆ ತಂದಿದ್ದನ್ನ ಸುಮ್ನೆ ಕೂರಿಸಿ ಹಳೇದನ್ನ ಸಾಯಿಸ್ತಾ ಇದೀರಲ್ಲ!"

"ಅಂಗಂತ ಹೊಸದನ್ನ ಹಾಳು ಮಾಡಕ್ಕಾಯ್ತದಾ ಸಾ?"

ಎದ್ದು ಬಂದು ಬೈಕ್ ಹತ್ತಿದೆ. ಕೂತ ಕೂಡಲೇ ಕೆಳಗೆ ಪರಪರ ಸದ್ದು. ಬೈಕು ತಂದು ಎರಡು ವರ್ಷವಾದರೂ ಸೀಟಿನ ಪ್ಲಾಸ್ಟಿಕ್ ಕವರನ್ನು ನಾನಿನ್ನೂ ತೆಗೆದಿರಲಿಲ್ಲ.