ಚೂಡಾಮಣಿಯ ಕುರ್ಚಿಗೆ ಕಟ್ಟಿದ ಬೀಗದಕೈ

ಚೂಡಾಮಣಿಯ ಗಾಲಿಕುರ್ಚಿಯ ಬಲಗಡೆ ಹಿಡಿಗೆ ಒಂದು ಕಬ್ಬಿಣದ ಬೀಗದಕೈ ದಾರದಲ್ಲಿ ತೂಗುತ್ತಿತ್ತು. ಗೇಣುದ್ದದ್ದು, ತುಕ್ಕು ಹಿಡಿದದ್ದು, ಯಾವ ಬೀಗಕ್ಕೂ ಸೇರದ್ದು. ಫಿಟ್ಸ್ ಬಂದವರ ಕೈಗೆ ಕಬ್ಬಿಣ ಕೊಟ್ಟರೆ ನಿಲ್ಲುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಉಂಟಲ್ಲ, ಅದಕ್ಕೆ. ಡಾಕ್ಟರುಗಳು ನಗುತ್ತಾರೆ, ಜನ ಕೊಡುತ್ತಲೇ ಇರುತ್ತಾರೆ. ವಿಷಯವೇನೆಂದರೆ, ಚೂಡಾಮಣಿಗೆ ಹುಟ್ಟಿದಾಗಿನಿಂದ ಒಂದು ಸಲವೂ ಫಿಟ್ಸ್ ಬಂದಿರಲಿಲ್ಲ. ಅದು ಗೊತ್ತಿದ್ದದ್ದು ಅವಳ ಮನೆಯವರನ್ನು ಬಿಟ್ಟರೆ ನನಗೆ, ಮತ್ತು ನಮ್ಮ ಕಚೇರಿಯ ಬಿಲ್ ಗುಮಾಸ್ತ ಬದರಿನಾಥರಿಗೆ.

ನಾವಿಬ್ಬರೂ ಜಯನಗರದಲ್ಲಿದ್ದ ಒಂದು ಸರ್ಕಾರಿ ಮಂಡಳಿಯ ಕಚೇರಿಯಲ್ಲಿ ಟೈಪಿಸ್ಟರು. ಅವಳ ಮೇಜು, ನನ್ನ ಮೇಜು ಪಕ್ಕಪಕ್ಕ. ನಾಲ್ಕು ವರ್ಷದವಳಿದ್ದಾಗ ಪೋಲಿಯೊ ಅವಳ ಎರಡೂ ಕಾಲು ತೆಗೆದುಕೊಂಡಿತ್ತು. ಮೂರು ಕ್ರಾಸ್ ಆಚೆಯ ಮನೆಯಿಂದ ತಾನೇ ಗಾಲಿ ತಿರುಗಿಸಿಕೊಂಡು ಬರುವಳು, ಹತ್ತಕ್ಕೆ ಐದು ನಿಮಿಷವಿರುವಾಗ ಹಾಜರಿ ಪುಸ್ತಕದಲ್ಲಿ ಸಹಿ ಹಾಕಿರುವಳು. ನಾನು ಒಂದು ದಿನವೂ ಅವಳಿಗಿಂತ ಮೊದಲು ಬಂದವಳಲ್ಲ. ಅವಳ ಅಪ್ಪ ತೀರಿಕೊಂಡಿದ್ದರು. ಅವಳೂ ಅವಳ ಅಮ್ಮ ಸರಸ್ವತಮ್ಮನೂ ಬದುಕುತ್ತಿದ್ದದ್ದು ಅವಳ ಸಂಬಳದಿಂದ. ಆ ಕೆಲಸವೂ ಮೂರು ವರ್ಷದಿಂದ ತಾತ್ಕಾಲಿಕ. ಖಾಯಂ ಆಗುವವರೆಗೆ ಯಾವತ್ತು ಬೇಕಾದರೂ ಮನೆಗೆ ಕಳಿಸಬಹುದಿತ್ತು. ಅವಳ ಎದೆಯಲ್ಲಿ ಸದಾ ಕೂತಿದ್ದ ಭಯ ಅದೊಂದೇ.

೧೯೭೯ರಲ್ಲಿ ಅವಳ ಕುರ್ಚಿಯ ಎರಡೂ ಟೈರು ಸವೆದು ನೂಲು ಕಾಣಿಸಿತು. ದೊಡ್ಡ ಗಾಲಿಗಳಿಗೆ ಹಾಕುವುದು ಸೈಕಲ್ ಟೈರನ್ನೇ. ಜೆ.ಪಿ. ನಗರದ ಕಡೆಗೆ ಹೋಗುವ ರಸ್ತೆಯಲ್ಲಿ ಪಿಳ್ಳಣ್ಣ ಎಂಬುವನ ಸೈಕಲ್ ಅಂಗಡಿ ಇತ್ತು. ಅವನು ಟೈರು, ಟ್ಯೂಬು, ಬೇರಿಂಗ್ ಎಲ್ಲ ಬದಲಾಯಿಸಿ ಎಂಬತ್ತಾರು ರೂಪಾಯಿಗೆ ಬಿಲ್ ಕೊಟ್ಟ. ಪ್ರಾಮಾಣಿಕ ಮನುಷ್ಯ, ಹಾಕಿದ್ದನ್ನೇ ಬರೆದ: ‘ಸೈಕಲ್ ಟೈರ್ ಎರಡು, ಟ್ಯೂಬ್ ಎರಡು.’ ಚೂಡಾಮಣಿ ಅದನ್ನು ವೈದ್ಯಕೀಯ ವೆಚ್ಚದ ಅರ್ಜಿಗೆ ಲಗತ್ತಿಸಿದಳು. ವಾರದಲ್ಲಿ ವಾಪಸು ಬಂತು. ಮೇಲೆ ಕೆಂಪು ಶಾಯಿಯಲ್ಲಿ ಷರಾ: ‘ಸೈಕಲ್ ವಾಹನ. ಔಷಧವಲ್ಲ.’

ಆ ಷರಾ ಬರೆದ ಲೆಕ್ಕಶಾಖೆಯ ಪುಣ್ಯಾತ್ಮ ದಿನಾ ಅವಳ ಕುರ್ಚಿಯನ್ನು ದಾಟಿಕೊಂಡೇ ಕಾಫಿಗೆ ಹೋಗುತ್ತಿದ್ದ. ನನಗೆ ಈಗಲೂ ಸಿಟ್ಟು ಇಳಿದಿಲ್ಲ.

ಬದರಿನಾಥರು ಒಳ್ಳೆಯವರು. ಕೆಟ್ಟದ್ದಾದದ್ದು ಅವರ ಒಳ್ಳೆಯತನದಿಂದಲೇ.

“ಅಳಬೇಡಮ್ಮ. ಮೆಡಿಕಲ್ ಶಾಪಿಂದ ಅಷ್ಟೇ ಮೊತ್ತಕ್ಕೆ ಮಾತ್ರೆ ಬಿಲ್ ತರಿಸ್ತೀನಿ. ಡಾಕ್ಟರ್ ಸೈನೂ ನಾನೇ ಹಾಕಿಸ್ತೀನಿ. ಕನ್ನಡಕಕ್ಕೆ, ಹಲ್ಲು ಕಟ್ಟಿಸೋಕೆ ಎಲ್ಲಾರೂ ಇದನ್ನೇ ಮಾಡೋದು” ಎಂದರು.

“ತಪ್ಪಲ್ವಾ ಸಾರ್?”

“ಟೈರ್ ಹಾಕ್ಸಿದ್ದು ಸುಳ್ಳಾ? ದುಡ್ಡು ಕೊಟ್ಟಿದ್ದು ಸುಳ್ಳಾ? ಮತ್ತೆ?”

ಅವಳು ಸಹಿ ಹಾಕಿದಳು. ಬಿಲ್ಲಿನಲ್ಲಿ ಯಾವ ಮಾತ್ರೆ ಬರೆದಿದೆ ಎಂದು ಅವಳೂ ನೋಡಲಿಲ್ಲ, ನಾನೂ ನೋಡಲಿಲ್ಲ, ಬದರಿನಾಥರೂ ನೋಡಲಿಲ್ಲ. ಅಂಗಡಿಯವನು ಮೊತ್ತಕ್ಕೆ ಹೊಂದುವಂತೆ ಏನೋ ಗೀಚಿದ್ದ. ಹನ್ನೆರಡನೆಯ ದಿನ ಹಣ ಬಂತು.

ನಾಲ್ಕು ತಿಂಗಳ ಮೇಲೆ ಅವಳನ್ನು ಖಾಯಂ ಮಾಡುವ ಕಡತ ಮೇಲೆದ್ದಿತು. ಜೊತೆಗೊಂದು ಕಂದು ಲಕೋಟೆ ಬಂತು. ತಾವು ಮೂರ್ಛೆರೋಗದ ಮಾತ್ರೆ ಸೇವಿಸುತ್ತಿರುವುದು ಬಿಲ್ಲಿನಿಂದ ತಿಳಿದುಬಂದಿದೆ, ಕೆಲಸಕ್ಕೆ ಅರ್ಹರೇ ಎಂದು ನಿರ್ಧರಿಸಲು ವೈದ್ಯಕೀಯ ಮಂಡಳಿಯ ಮುಂದೆ ಹಾಜರಾಗತಕ್ಕದ್ದು.

 ಓದಿ ಅವಳು ಕಾಗದವನ್ನು ಮಡಿಸಿ, ಬಿಚ್ಚಿ, ಮತ್ತೆ ಮಡಿಸಿ ಕೂತಿದ್ದಳು. ಫಿಟ್ಸ್ ಇದೆ ಎಂದರೆ ರೋಗಿಯೆಂದು ತೆಗೆಯುತ್ತಾರೆ. ಇಲ್ಲ ಎಂದರೆ ಸುಳ್ಳು ಬಿಲ್ ಕೊಟ್ಟವಳೆಂದು ತೆಗೆಯುತ್ತಾರೆ. ಅವಳ ಜೊತೆಗೆ, ನಿವೃತ್ತಿಗೆ ಎರಡು ವರ್ಷವಿದ್ದ ಬದರಿನಾಥರನ್ನೂ. ಅತ್ತ ದರಿ ಇತ್ತ ಪುಲಿ ಎನ್ನುವುದನ್ನು ನಾನು ಕಣ್ಣಾರೆ ಕಂಡದ್ದು ಅವತ್ತು. ಹಾಜರಾಗಲು ಉಳಿದಿದ್ದ ಹತ್ತು ದಿನವೂ ಅವಳು ಟೈಪ್ ಮಾಡಿದ ಹಾಳೆಗಳ ತುಂಬ ತಪ್ಪು. ಗಾಳಿಗೆ ಬಾಗಿಲು ಹೊಡೆದುಕೊಂಡರೂ ಬೆಚ್ಚುತ್ತಿದ್ದಳು. ಬದರಿನಾಥರು ಅವಳ ಮೇಜಿನ ಕಡೆ ಬರುವುದನ್ನೇ ಬಿಟ್ಟರು.

ವೈದ್ಯಕೀಯ ಮಂಡಳಿಗೆ ಅವಳ ಜೊತೆ ನಾನೂ ಹೋದೆ. ನಿಜ ಹೇಳುತ್ತೇನೆಂದು ದಾರಿಯುದ್ದಕ್ಕೂ ಹೇಳಿದಳು. ಪಿಳ್ಳಣ್ಣನ ಹಳೆಯ ಬಿಲ್ಲು ಅವಳ ಚೀಲದಲ್ಲಿತ್ತು.

ಡಾಕ್ಟರು ಕನ್ನಡಕದ ಮೇಲಿಂದ ನೋಡಿದರು. “ಫಿಟ್ಸ್ ಕೊನೇ ಸಲ ಯಾವಾಗ ಬಂತಮ್ಮ?”

ಅವಳು ಚೀಲದ ಬಾಯಿ ತೆರೆದಳು, ಮತ್ತೆ ಮುಚ್ಚಿದಳು.  

“ಎರಡು ವರ್ಷ ಆಯ್ತು ಸಾರ್. ಮಾತ್ರೆ ತಗೊಂಡ್ಮೇಲೆ ಬಂದಿಲ್ಲ.”

ಡಾಕ್ಟರು ಕರುಣಾಳು. ‘ಔಷಧದಿಂದ ಹತೋಟಿಯಲ್ಲಿದೆ, ಕೆಲಸಕ್ಕೆ ಅರ್ಹಳು’ ಎಂದು ಬರೆದರು. ಕೆಳಗೆ ಇನ್ನೊಂದು ಸಾಲು ಸೇರಿಸಿದರು: ಔಷಧ ನಿಲ್ಲಿಸಕೂಡದು, ಮೂರು ತಿಂಗಳಿಗೊಮ್ಮೆ ಬಿಲ್ ಒಪ್ಪಿಸಬೇಕು, ಫಿಟ್ಸ್ ಮರುಕಳಿಸಿದರೆ ವರದಿ ಮಾಡಬೇಕು.

ಹೀಗೆ ಅವಳು ಖಾಯಂ ಆದಳು. ಅಲ್ಲಿಂದಾಚೆಗೆ ಇಲ್ಲದ ರೋಗಕ್ಕೆ ಮಾತ್ರೆ ಕೊಂಡಳು. ಬಿಲ್ಲು ಕೊಟ್ಟ ವಾರಕ್ಕೆ ಹಣ ಬರುತ್ತಿತ್ತು, ಒಂದು ಷರಾ ಇಲ್ಲ. ಮಾತ್ರೆಗಳನ್ನು ಬಚ್ಚಲಿಗೆ ಸುರಿಯುತ್ತಿದ್ದಳು. ಟೈರು, ಬೇರಿಂಗಿಗೆ ಮಾತ್ರ ಸ್ವಂತ ಹಣ. ಹಾಗಾಗಿ ಮುಂದಿನ ಪುಟ್ಟ ಗಾಲಿಗಳನ್ನು ಬದಲಾಯಿಸುವುದು ಇವತ್ತು ನಾಳೆ ಎಂದು ಮುಂದಕ್ಕೆ ಹೋಯಿತು.

ಅವಳಿಗೆ ಫಿಟ್ಸ್ ಎಂಬ ಸುದ್ದಿ ಕಚೇರಿಯಲ್ಲಿ ಹಬ್ಬಿತು. ಜವಾನ ಹನುಮಯ್ಯ ಎಲ್ಲಿಂದಲೋ ಆ ಬೀಗದಕೈ ತಂದು ಅವಳ ಕುರ್ಚಿಗೆ ಕಟ್ಟಿದ. ಪಾಪ, ಪ್ರೀತಿಯಿಂದಲೇ ಕಟ್ಟಿದ. ಬೇಡವೆನ್ನಲು ಅವಳಿಗೆ ಬಾಯಿ ಎಲ್ಲಿತ್ತು? ಬಿಸಿಲಿಗೆ ತಲೆ ಸುತ್ತಿದರೂ ಯಾರಿಗೂ ಹೇಳಳು. ತೂಕಡಿಸಳು. ಕೈ ಜೋಮು ಹಿಡಿದರೆ ಮೇಜಿನ ಕೆಳಗೆ ಬಚ್ಚಿಡುವಳು. ಯಾರಾದರೂ ಫಿಟ್ಸ್ ಎಂದುಕೊಂಡರೆ ಮುಗಿಯಿತು. ಒಮ್ಮೆ ನನ್ನನ್ನೇ ಕೇಳಿದಳು: “ಸೀತಾ, ನಂಗೆ ನಿಜವಾಗ್ಲೂ ಬಂದ್ಬಿಟ್ರೆ?” 

೧೯೮೬ರಲ್ಲಿ ಒಂದು ಬೆಳಿಗ್ಗೆ ಅವಳು ಕಡತ ಹಿಡಿದು ಅಧಿಕಾರಿಯ ಕೋಣೆಗೆ ಹೋಗುತ್ತಿದ್ದಾಗ ಮುಂದಿನ ಎಡ ಗಾಲಿಯ ಆಕ್ಸಲ್ ಮುರಿಯಿತು. ಕುರ್ಚಿ ಮುಗ್ಗರಿಸಿ ಅವಳು ಮುಖ ಕೆಳಗಾಗಿ ಬಿದ್ದಳು. ತುಟಿ ಒಡೆದು ರಕ್ತ ಬಂತು.

“ಫಿಟ್ಸ್! ಫಿಟ್ಸ್!” ಎಂದು ಎಲ್ಲ ಓಡಿಬಂದರು. ಹನುಮಯ್ಯ ದಾರ ಕಿತ್ತು ಬೀಗದಕೈಯನ್ನು ಅವಳ ಅಂಗೈಗೆ ಒತ್ತಿ ಹಿಡಿದ. ಇಬ್ಬರು ಭುಜ ಅದುಮಿದರು.

“ಫಿಟ್ಸ್ ಅಲ್ಲ! ಚೇರು! ಗಾಲಿ ಮುರೀತು!” ಎಂದು ಅವಳು ಕಿರುಚಿದಳು, ಒದ್ದಾಡಿದಳು. ಒದ್ದಾಡಿದಷ್ಟೂ ಅವರು ಬಿಗಿಯಾಗಿ ಅದುಮಿದರು. ನಾನು ಅವರನ್ನು ಎಳೆದು ಹಾಕುವಷ್ಟರಲ್ಲಿ ಅಧಿಕಾರಿ ಸೋಮಲಿಂಗಪ್ಪನವರು ಬಾಗಿಲಲ್ಲಿ ನಿಂತಿದ್ದರು. ಸಂಜೆಯೊಳಗೆ ಕಡತದಲ್ಲಿ ಟಿಪ್ಪಣಿ ಬಿತ್ತು: ರೋಗ ಮರುಕಳಿಸಿದೆ, ವೈದ್ಯಕೀಯ ಮಂಡಳಿಗೆ ಕಳಿಸಬಹುದು.

ಆ ಸಲ ನಾನು ಸುಮ್ಮನೆ ಕೂರಲಿಲ್ಲ. ಪಿಳ್ಳಣ್ಣನ ಅಂಗಡಿಗೆ ನಡೆದೆ. ಮರುದಿನ ಅವನು ಎಣ್ಣೆ ಮೆತ್ತಿದ ಅಂಗಿಯಲ್ಲೇ ಬಂದು, ತುಂಡಾದ ಆಕ್ಸಲನ್ನು ಸೋಮಲಿಂಗಪ್ಪನವರ ಗಾಜಿನ ಮೇಜಿನ ಮೇಲಿಟ್ಟ.

“ನೋಡಿ ಸಾಮಿ, ಒಳಗೆ ತುಕ್ಕು. ಹಳೇ ಬಿರುಕು ಇದು. ಆಯಮ್ಮ ಬಿದ್ದು ಇದು ಮುರ್ದಿಲ್ಲ, ಇದು ಮುರ್ದು ಆಯಮ್ಮ ಬಿದ್ದವ್ರೆ. ಹೊಸಾದು ಹಾಕಿವ್ನಿ, ಬಿಲ್ ತಗಳಿ.”

ಸೋಮಲಿಂಗಪ್ಪನವರು ಆಕ್ಸಲನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಟಿಪ್ಪಣಿಯನ್ನು ಹೊಡೆದುಹಾಕಿದರು. ಪಿಳ್ಳಣ್ಣನ ಬಿಲ್ಲನ್ನು ಕಡತಕ್ಕೆ ಸೇರಿಸಿ ಮೇಲೆ ಬರೆದರು: ‘ಪುರಾವೆಗಾಗಿ ಮಾತ್ರ. ಪಾವತಿಗೆ ಅಲ್ಲ.’

ಹೊರಗೆ ಬಂದಾಗ ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಪಿಳ್ಳಣ್ಣ ಬಗ್ಗಿ ಚೂಡಾಮಣಿಯ ಕುರ್ಚಿಯ ಹೊಸ ಗಾಲಿಯನ್ನು ಬೆರಳಲ್ಲಿ ತಿರುಗಿಸಿ ನೋಡಿದ. ಅವಳ ಮಡಿಲಲ್ಲಿದ್ದ ಬೀಗದಕೈ ಅವನ ಕಣ್ಣಿಗೆ ಬಿತ್ತು.

“ಇದ್ಯಾಕಮ್ಮ ಇನ್ನ? ಬಿಸಾಕ್ಲಾ?”

ಚೂಡಾಮಣಿಯ ಒಡೆದ ತುಟಿ ಇನ್ನೂ ಊದಿತ್ತು. ಒಳಗೆ ಎಲ್ಲರೂ ಮೇಜುಗಳಿಂದ ಇತ್ತಲೇ ನೋಡುತ್ತಿದ್ದರು. ಅವಳು ಬೀಗದಕೈಯನ್ನು ಅವನ ಕೈಗೆ ಕೊಟ್ಟಳು.

“ಬೇಡಪ್ಪ. ಮಾತ್ರೆ ಬಿಲ್ ಇನ್ನೂ ಕೊಡ್ತಾ ಇರ್ಬೇಕಲ್ಲ. ಮೊದ್ಲಿದ್ದ ಜಾಗಕ್ಕೇ ಕಟ್ಟು” ಎಂದಳು. “ಎಲ್ಲಾರ್ಗೂ ಕಾಣೋ ಹಾಗೆ.”