ಕೊನೆಯ ಕಂತಿನಲ್ಲಿ ನಾನು ತಿರುಚಿದ ಮಾತು

ನಾನು ನನ್ನ ಅಕ್ಕನಿಗೆ ಸುಳ್ಳು ಹೇಳಿದೆ. ಟೀವಿಯಲ್ಲಿ ಒಬ್ಬ ಇಂಗ್ಲಿಷಿನಲ್ಲಿ "ನನಗಾಗಿ ಕಾಯಬೇಡ" ಅಂದ. ನಾನು ಅದನ್ನು ಕನ್ನಡದಲ್ಲಿ "ಕಾಯ್ತಿರು" ಮಾಡಿ ಹೇಳಿದೆ. ಕೇಳಿಸಿಕೊಂಡದ್ದರಲ್ಲಿ ತಪ್ಪಾಗಿರಲಿಲ್ಲ. ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡಿ ಸಂಬಳ ತೆಗೆದುಕೊಳ್ಳುವವಳು ನಾನು — ಅಷ್ಟು ಸಣ್ಣ ಮಾತು ತಿಳಿಯಲಿಲ್ಲ ಅಂದರೆ ಯಾರು ನಂಬುತ್ತಾರೆ?

ಇದಾಗಿ ಒಂಬತ್ತು ವರ್ಷ. ಅಕ್ಕ ಆಗಲೂ, ಈಗಿನ ಹಾಗೇ, ಚಿತ್ರದುರ್ಗದಲ್ಲಿ ನಮ್ಮ ಮನೆಯಲ್ಲೇ ಇದ್ದಳು. ಮದುವೆಯಾದ ಎರಡನೇ ವರ್ಷ ಅವಳ ಗಂಡ ಬೋರ್‌ವೆಲ್ ಲಾರಿಯ ಜೊತೆ ಆಂಧ್ರದ ಕಡೆ ಕೆಲಸಕ್ಕೆ ಹೋದವನು ತಿರುಗಿ ಬರಲಿಲ್ಲ. ಎಂಟು ವರ್ಷ ಹುಡುಕಿಸಿದ್ದೂ ಆಗಿತ್ತು. ನನ್ನ ಬಾಣಂತನಕ್ಕೆ ಬಂದ ಅಕ್ಕ ಹಾಗೇ ಉಳಿದುಕೊಂಡಳು. ನಾನು ಕಾಲೇಜಿಗೆ, ನಮ್ಮ ಮನೆಯವರು ಕೆಲಸಕ್ಕೆ ದಿನಾ ಹಿರಿಯೂರಿಗೆ — ನನ್ನ ಮಗಳು ಸಿರಿ ಇಡೀ ದಿನ ಅಕ್ಕನ ಸೊಂಟದ ಮೇಲೆ. ಮಗು ಮೊದಲ ಸಲ 'ಅಮ್ಮ' ಅಂದದ್ದು ಅಕ್ಕನನ್ನೇ ನೋಡಿ. ನನಗೆ ಹೊಟ್ಟೆಕಿಚ್ಚಾಗಲಿಲ್ಲ, ನಿಜ ಹೇಳಬೇಕೆಂದರೆ, ನಿರಾಳವಾಯಿತು.

ಸಿರಿಗೆ ಎರಡು ತುಂಬಿದಾಗ ಹೊಳಲ್ಕೆರೆಯ ತಿಪ್ಪೇಸ್ವಾಮಿಯವರು ಅಕ್ಕನನ್ನು ಕೇಳಿ ಕಳಿಸಿದರು. ಹೆಂಡತಿ ತೀರಿಕೊಂಡಿದ್ದರು, ಮಿಕ್ಸಿ, ಫ್ಯಾನು ರಿಪೇರಿಯ ಸಣ್ಣ ಅಂಗಡಿ ಇಟ್ಟುಕೊಂಡಿದ್ದರು. ಹೆಣ್ಣಿನ ಎರಡನೇ ಮದುವೆಗೆ ನಮ್ಮಲ್ಲಿ ಕೂಡಿಕೆ ಅನ್ನುತ್ತಾರೆ, ಹಿರಿಯರ ಅಡ್ಡಿಯೇನೂ ಇರಲಿಲ್ಲ. ಅಕ್ಕ ಮಾತ್ರ "ಯೋಚ್ನೆ ಮಾಡ್ತೀನಿ" ಅಂದಿದ್ದಳು.

ಅದೇ ಹೊತ್ತಿಗೆ ಸಹೋದ್ಯೋಗಿಯೊಬ್ಬರು ಪೆನ್‌ಡ್ರೈವಿನಲ್ಲಿ ಆ ಧಾರಾವಾಹಿಯ ಒಂದು ಇಡೀ ಸೀಸನ್ ಹಾಕಿಕೊಟ್ಟರು — ವಿಮಾನ ಬಿದ್ದು ಯಾವುದೋ ದ್ವೀಪದಲ್ಲಿ ಸಿಕ್ಕಿಕೊಂಡವರ ಕಥೆ. ಭಾನುವಾರ ಮಧ್ಯಾಹ್ನ ಸಿರಿಯನ್ನು ಮಲಗಿಸಿ ಒಂದೊಂದೇ ಕಂತು ನೋಡುತ್ತಿದ್ದೆವು. ಅಕ್ಕ ಶೇಂಗಾ ಸುಲಿಯುತ್ತಾ ಕೂತರೆ, ನಾನು ಪಕ್ಕದಲ್ಲಿ ಮಾತು ಮಾತಿಗೂ ಕನ್ನಡ ಹೇಳುತ್ತಿದ್ದೆ. ಕಾಡಿನೊಳಗಿನ ಸದ್ದು, ಇದ್ದಕ್ಕಿದ್ದಂತೆ ಕಾಣೆಯಾಗುವ ಜನ, ಅಲ್ಲಿ ಮೊದಲೇ ಯಾರೋ ಬದುಕಿದ್ದ ಗುರುತು — ನನಗೆ ಇವುಗಳದೇ ಹುಚ್ಚು. ಅಕ್ಕನ ಕಣ್ಣೆಲ್ಲ ಒಬ್ಬಳ ಮೇಲೆ. ನೀರು ಹುಡುಕಲು ಕಾಡಿಗೆ ಹೋದ ಗಂಡ ಬಂದಾನು ಎಂದು ದಿನಾ ಮರಳಿನಲ್ಲಿ ಕೂರುವ ಹೆಂಗಸು ಅವಳು. ಇಂಗ್ಲಿಷ್ ಹೆಸರು ನಾಲಿಗೆಗೆ ಹೊರಳದೆ ಅಕ್ಕ ಅವಳನ್ನು "ನಮ್ಮಾಕೆ" ಅನ್ನುತ್ತಿದ್ದಳು. ಆಕೆಗೆ ಬಿಸಿಲು ತಾಗದಂತೆ ಗರಿ ಹೊದಿಸಿ ನೆರಳು ಮಾಡಿಕೊಟ್ಟವನು "ಚಪ್ಪರದೋನು".

"ಚಪ್ಪರದೋನು ಒಳ್ಳೇನು ಕಣೇ, ಪಾಪ, ಬಾಯೇ ಇಲ್ಲ" ಅನ್ನುವಾಗ ಅವಳು ಯಾರನ್ನು ನೆನೆಯುತ್ತಿದ್ದಾಳೆಂದು ನನಗೆ ಅರ್ಥವಾಗುತ್ತಿತ್ತು.

ಕೊನೆಯ ಕಂತು ಹಾಕುವ ಮೊದಲು ಅಕ್ಕ ನಗುತ್ತಲೇ ಅಂದಳು: "ನಮ್ಮಾಕೆ ಏನ್ ಮಾಡ್ತಾಳೆ ನೋಡಾಣ. ಆಮ್ಯಾಲೆ ಹೊಳಲ್ಕೆರೆಯೋರಿಗೆ ಹೇಳಿ ಕಳ್ಸಾಣ."

ಬೇರೆ ಯಾರಾದರೂ ತಮಾಷೆ ಎಂದುಕೊಳ್ಳುತ್ತಿದ್ದರು. ನಾನು ಅವಳ ಜೊತೆ ಒಂದೇ ಕಂಬಳಿಯಲ್ಲಿ ಮಲಗಿ ಬೆಳೆದವಳು. ನನಗೆ ಗೊತ್ತಿತ್ತು.

ಆ ಕಂತಿನಲ್ಲಿ ಗುಹೆಯೊಳಗೆ ಒಂದು ಟೇಪ್ ರೆಕಾರ್ಡರ್ ಸಿಗುತ್ತದೆ. ಅದರಲ್ಲಿ ಗಂಡನ ದನಿ. ಹೆಂಗಸು ಕೇಳಿ ಅಳುತ್ತಾಳೆ, ಅಲ್ಲಿಗೇ ಕಂತು ಮುಗಿಯುತ್ತದೆ. ಅಕ್ಕ ಶೇಂಗಾ ಬಿಟ್ಟು ನನ್ನ ಕಡೆ ತಿರುಗಿದಳು.

"ಏನಂದ್ನೇ?"

ಆ ಗಳಿಗೆಯಲ್ಲಿ ನನ್ನ ತಲೆಯಲ್ಲಿ ಓಡಿದ್ದು — ಸಿರಿಯನ್ನು ಯಾರು ನೋಡಿಕೊಳ್ಳುತ್ತಾರೆ, ಬೆಳಗಿನ ಅಡುಗೆ ಯಾರು ಮಾಡುತ್ತಾರೆ, ನನ್ನ ಕೆಲಸ ಏನಾಗುತ್ತದೆ... ಅಕ್ಕನ ಬದುಕು ಅದರಲ್ಲಿ ಎಲ್ಲೂ ಇರಲಿಲ್ಲ.

"ಕಾಯ್ತಿರು ಅಂದ" ಎಂದೆ.

"ಕಾಯಾದೇನು ಬಿಡು, ಕುರಿ ಕಾದ ಮನ್ಯಾರು ನಾವು" ಎಂದು ನಕ್ಕು, ಅಕ್ಕ ಸಿಪ್ಪೆ ಬಾಚಿಕೊಂಡು ಎದ್ದಳು. ಆ ವಾರವೇ ಹೊಳಲ್ಕೆರೆಗೆ 'ಬೇಡ' ಎಂದು ಹೇಳಿಸಿದಳು. ಫೋನು ಮಾಡಿದವಳೂ ನಾನೇ. "ಆಯ್ತು ಬಿಡ್ರಿ, ಅವ್ರು ಚೆನ್ನಾಗಿರ್ಲಿ" ಅಂದರು ತಿಪ್ಪೇಸ್ವಾಮಿ. ನನಗೆ ನಾಚಿಕೆಯಾಗಬೇಕಿತ್ತು. ಆಗಲಿಲ್ಲ, ಆಗ.

ಹೋದ ವಾರ ಸಿರಿ — ಈಗ ಹನ್ನೊಂದು ವರ್ಷದವಳು — ಮೊಬೈಲು ಹಿಡಿದು ಕುಣಿಯುತ್ತಾ ಬಂದಳು. "ದೊಡ್ಡಮ್ಮಾ, ನಿನ್ನ ವಿಮಾನದ ಧಾರಾವಾಹಿ ಇದ್ರಾಗೆ ಐತೆ! ಕೆಳಗೆ ಕನ್ನಡದಾಗೆ ಬರೆದಿರೋದು ಬರ್ತೈತೆ!"

ಅವತ್ತೇ ಅಕ್ಕನ ಮುಂದೆ ಕೂತು ಎಲ್ಲ ಹೇಳಿದೆ. ಮನಸ್ಸಾಕ್ಷಿ ಚುಚ್ಚಿ ಹೇಳಿದೆ ಅಂದರೆ ಅದು ಇನ್ನೊಂದು ಸುಳ್ಳಾಗುತ್ತದೆ. ಸಿಕ್ಕಿಬೀಳುವ ಭಯಕ್ಕೆ ಬಾಯಿಬಿಟ್ಟೆ. ಅಕ್ಕ ಬಯ್ಯಲಿಲ್ಲ.

"ಆವತ್ತು ನಾನು ಹೂಂ ಅನ್ನಾಕೆ ಹೊಂಟಿದ್ದೆ ಕಣೇ" ಅಂದಳು, ಅಷ್ಟೇ. ಎರಡು ದಿನ ನನ್ನೊಡನೆ ಮಾತಿಲ್ಲ. ಅವಳು ಇಟ್ಟ ತಟ್ಟೆಯ ಮುಂದೆ ಕೂತು ತುತ್ತು ಎತ್ತಲಾಗದೆ ನಾನು ಅತ್ತೆ.

ಮೂರನೆಯ ದಿನ ಅವಳೇ ಕೇಳಿದಳು: "ಅವ್ರು ಈಗ ಹೆಂಗಿದಾರೆ?"

ಒಬ್ಬರೇ ಇದ್ದಾರೆ, ಅದೇ ಅಂಗಡಿ, ಎಂದೆ. ಕಳೆದ ತಿಂಗಳು ನೆಂಟರ ಮದುವೆಯಲ್ಲಿ ಸಿಕ್ಕಾಗ ನಿನ್ನ ಬಗ್ಗೆ ವಿಚಾರಿಸಿದರು — ಅದನ್ನೂ ನಿನಗೆ ಹೇಳಲಿಲ್ಲ ಎಂದೆ.

"ನಾನ್ಯಾಕೆ ಬ್ಯಾಡ ಅಂದೆ ಅಂತ ಅವ್ರಿಗೂ ಗೊತ್ತಾಗ್ಬೇಕು. ನೀನೇ ಹೇಳ್ಬೇಕು" ಅಂದಳು ಅಕ್ಕ.

"ಫೋನ್ ಮಾಡ್ಲಾ?"

"ಫೋನಾಗಲ್ಲ. ಎದ್ರಿಗೆ ಕುಂತು ಹೇಳು."

ಹೇಳುತ್ತೇನೆ. ಅವರ ಮನಸ್ಸಿನಲ್ಲಿ ಈಗ ಏನಿದೆಯೋ ಗೊತ್ತಿಲ್ಲ. ಹೊರಗೆ ನಡಿ ಅಂದರೂ ಅನ್ನಬಹುದು. ಒಂಬತ್ತು ವರ್ಷವನ್ನಂತೂ ನಾನು ಯಾರಿಗೂ ವಾಪಸು ಕೊಡಲಾರೆ. ಆದರೂ ನಾಳೆ ಬೆಳಗ್ಗೆ ಹೊಳಲ್ಕೆರೆ ಬಸ್ಸು ಹತ್ತುತ್ತೇನೆ.

ಒಬ್ಬಳೇ ಹೋಗುವುದು ಎಂದುಕೊಂಡಿದ್ದೆ. ಇವತ್ತು ಸಂಜೆ ನೋಡಿದರೆ ಅಕ್ಕ ತನ್ನ ಸೀರೆಗೆ ಇಸ್ತ್ರಿ ಹಾಕುತ್ತಿದ್ದಾಳೆ.

"ನೀನೂ ಬರ್ತೀಯಾ?" ಎಂದೆ.

"ಮತ್ತೆ? ನೀನು ಸರಿಯಾಗಿ ಹೇಳ್ತೀಯೋ ಇಲ್ವೋ ನೋಡ್ಬೇಕಲ್ಲ" ಅಂದಳು ಅಕ್ಕ, ತಲೆ ಎತ್ತದೆ. "ಈ ಸಲ ಕನ್ನಡದಾಗೆ ಹೇಳ್ತೀಯ. ನನಗೂ ತಿಳಿತೈತೆ."