ತಾರಸಿಯ ಕ್ಯಾಮೆರಾ, ಅವ್ವನ ಶಾವಿಗೆ

ಸ್ವಲ್ಪ ತಡೀರಿ, ಇದನ್ನು ಕೇಳಿಯೇ ಹೋಗಿ. ನನ್ನ ಸಿಟ್ಟು ಇನ್ನೂ ಇಳಿದಿಲ್ಲ.

ತೆಲುಗು ನಾಡಿನ ಲಿಂಗಂಪಲ್ಲಿಯ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಅರ್ಧ ಮಂದಿ ಕಲಬುರಗಿ, ಬೀದರ್ ಕಡೆಯವರು. ಯಾರೋ ನೀರಿನ ಟ್ಯಾಂಕಿನ ಮುಚ್ಚಳ ಕದ್ದರೆಂದು ಸೆಕ್ರೆಟರಿ ಕಾಕಾ ತಾರಸಿಗೆ ಕ್ಯಾಮೆರಾ ಹಾಕಿಸಿದರು. ಅದರ ಆ್ಯಪ್ ಯಾವಾಗ ನೋಡಿದರೂ ಚಿತ್ರ ತೋರಿಸದೆ ಗಿರಗಿರ ತಿರುಗುತ್ತಿತ್ತು. ನಾನು ಇಂಥದ್ದನ್ನೆಲ್ಲ ವಿಡಿಯೊ ನೋಡಿ ನೋಡಿಯೇ ಕಲಿತವನು. ಕ್ಯಾಮೆರಾದ ವಿಳಾಸವನ್ನು ನೇರವಾಗಿ ವಿಡಿಯೊ ಪ್ಲೇಯರಿಗೆ ಕೊಟ್ಟರೆ ಆ್ಯಪೇ ಬೇಡ ಅಂತ ಗೊತ್ತಾಯಿತು. ಕೊಟ್ಟೆ. ಬಂತು! ಕುಣಿಯುವಷ್ಟು ಖುಷಿ.

ಪರದೆಯ ಮೇಲೆ ಅವ್ವ ಇದ್ದಳು.

ಬೇಸಿಗೆಯ ಬೆಳಿಗ್ಗೆ ಹೆಂಗಸರೆಲ್ಲ ಶಾವಿಗೆ ಹೊಸೆಯಲು ತಾರಸಿ ಸೇರುತ್ತಾರೆ. ಆ ಹೊತ್ತಿಗೆ ಗಂಡಸರು ಮೇಲೆ ಹೋಗುವುದಿಲ್ಲ, ಯಾರೂ ಹೇಳಬೇಕಿಲ್ಲ. ಕ್ಯಾಮೆರಾ ಟ್ಯಾಂಕನ್ನಷ್ಟೇ ನೋಡುತ್ತದೆಂದು ಅವರೆಲ್ಲ ನಂಬಿದ್ದರು. ಅವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೂದಲು ಬಿಚ್ಚಿ, ಯಾರದೋ ಅತ್ತೆಯನ್ನು ಅಣಕಿಸುತ್ತ ನಗುತ್ತಿದ್ದಳು. ಅಷ್ಟು ಜೋರು ನಗುವನ್ನು ನಾನು ಮನೆಯಲ್ಲಿ ಕೇಳಿಯೇ ಇಲ್ಲ. ತಟ್ಟನೆ ಮುಚ್ಚಿದೆ. ಆಗ ಹೊಳೆಯಿತು, ಪಾಸ್‌ವರ್ಡನ್ನೇ ಕೇಳಲಿಲ್ಲವಲ್ಲ! ಕಟ್ಟಡದ ವೈಫೈ ಬಿಟ್ಟು ರೈಲ್ವೆ ಸ್ಟೇಷನ್ನಿಗೆ ಹೋಗಿ ಮೊಬೈಲ್ ಡೇಟಾದಲ್ಲಿ ಹಚ್ಚಿದೆ. ಅಲ್ಲಿಂದಲೂ ತೆರೆಯಿತು. ಅಂದರೆ ಎಲ್ಲಿಯೋ ಕೂತ ಯಾವನಾದರೂ ನೋಡಬಹುದು.

ಕಾಕಾನ ಬಳಿ ಓಡಿದೆ.

“ಪಾಸ್‌ವರ್ಡ್ ನಾನ ತೆಗಸೀನೋ ತಮ್ಮಾ. ಮುದುಕರು ಮರೀತಾರ, ದಿನಾ ನನಗ ಫೋನ್ ಹಚ್ತಾರ. ಎಲ್ಲಾ ನಮ್ಮ ಮಂದೀನ ಅಲ್ಲೇನು?”

“ನಮ್ಮ ಮಂದಿಗಷ್ಟ ಅಲ್ರಿ ಕಾಕಾ, ಇಡೀ ದುನಿಯಾಕ್ಕ ಕಾಣಾಕತ್ತೈತ್ರಿ!”

“ದುನಿಯಾಕ್ಕ ಬ್ಯಾರೆ ಕೆಲಸಿಲ್ಲೇನು, ಶಾವಗಿ ನೋಡ್ಕೋತ ಕೂಡಾಕ? ಮೊದಲ ನೀ ಹೇಳು, ಹೆಣ್ಮಕ್ಕಳು ಕೂತಲ್ಲಿ ನೀ ಯಾಕ ಇಣಕಿದಿ?”

ಮೈಯೆಲ್ಲ ಉರಿಯಿತು. ಬಾಗಿಲು ತೆರೆದಿಟ್ಟವರು ಇವರು, ಕಳ್ಳ ನಾನು!

ಅವ್ವನಿಗೆ ಹೇಳಿದೆ. ಅವಳು ಕೂದಲು ಗಂಟು ಹಾಕಿಕೊಂಡಳು. “ಇನ್ನ ಮ್ಯಾಲ ಹೋಗೂದ ಬ್ಯಾಡ ಬಿಡು.”

ಅದಕ್ಕೇ ನನಗೆ ಇನ್ನಷ್ಟು ಸಿಟ್ಟು ಬಂದದ್ದು. ಕೆಳಗಿಳಿದರೆ ತೆಲುಗು, ಹಿಂದಿ, ಎರಡೂ ಅವಳಿಗೆ ತಡವರಿಕೆ. ಅವಳು ಬಾಯ್ತುಂಬ ಮಾತಾಡುವ ಜಾಗ ಆ ತಾರಸಿ ಒಂದೇ.

“ನೀ ಯಾಕ ಬಿಡ್ತಿ? ಅದೇನ್ ಅವರಪ್ಪನ ಮಾಳಗೀ ಏನು?” ಎಂದು ಕೂಗಾಡಿದೆ. ಅವ್ವ ಆ ರಾತ್ರಿಯೇ ಹೆಂಗಸರ ಮನೆಮನೆಗೆ ಹೋಗಿ ಬಂದಳು.

ಮರುದಿನ ಹೆಂಗಸರೆಲ್ಲ ಶಾವಿಗೆ ಮಣೆ, ಹಿಟ್ಟು, ಒಣಹಾಕುವ ಕೋಲುಗಳ ಸಮೇತ ಕಾಕಾನ ಮನೆಯ ಪಡಸಾಲೆಗೇ ನುಗ್ಗಿದರು. ಮುಂದೆ ಅವ್ವ. ಸೋಫಾದಿಂದ ಸೋಫಾಕ್ಕೆ ಕೋಲಿಟ್ಟು ಹಸಿ ಶಾವಿಗೆ ಇಳಿಬಿಟ್ಟರು.

“ಎಲ್ಲಾ ನಮ್ಮ ಮಂದೀನ ಅಲ್ರೀ ಅಣ್ಣಾರ? ಇಲ್ಲೇ ಕೂತು ನೋಡ್ರಿ, ಫೋನ್ಯಾಕ ಬೇಕು?” ಅಂದಳು ಅವ್ವ. “ಹಂಗ ಆ ಫ್ಯಾನ್ ಬಂದ್ ಮಾಡ್ರಿ, ಎಳಿ ಹಾರಾಕತ್ತಾವ.”

ಸಂಜೆಯೊಳಗೆ ಕ್ಯಾಮೆರಾ ಟ್ಯಾಂಕಿನ ಕಡೆ ತಿರುಗಿತು. ಪಾಸ್‌ವರ್ಡೂ ಬಂತು. ಅದನ್ನು ಕಾಕಾ ಗುಲಾಬಿ ಹೂವಿನ ಚಿತ್ರದೊಂದಿಗೆ ಅಪಾರ್ಟ್‌ಮೆಂಟಿನ ಗ್ರೂಪಿಗೇ ಹಾಕಿದರು! ಹಲ್ಲು ಕಡಿದುಕೊಂಡು ಅವರೆದುರೇ ಕೂತು ಬದಲಾಯಿಸಿಕೊಟ್ಟೆ.

ಅವ್ವ ಈಗ ಮತ್ತೆ ಮೇಲೆ ಹೋಗುತ್ತಾಳೆ, ನಗುವುದು ಮೆಟ್ಟಿಲವರೆಗೂ ಕೇಳಿಸುತ್ತದೆ. ಕೂದಲು ಮಾತ್ರ ಬಿಚ್ಚುವುದಿಲ್ಲ. ಅದನ್ನು ಯಾವ ಪಾಸ್‌ವರ್ಡ್ ಸರಿಮಾಡುತ್ತದೆ?

ನಿಮ್ಮ ಕಟ್ಟಡದ ಕ್ಯಾಮೆರಾ ಎತ್ತ ನೋಡುತ್ತಿದೆ, ಅದನ್ನು ಯಾರು ಯಾರು ನೋಡುತ್ತಿದ್ದಾರೆ, ವಿಚಾರಿಸಿದ್ದೀರಾ? ಕೇಳಿದಾಗ ನಿಮಗೆ ಎಂಥ ಉತ್ತರ ಸಿಕ್ಕಿತು? ಬರೆದು ತಿಳಿಸಿ.